ಅನುಮಾನ ಬಂದರೂ ಒತ್ತಿ

"ಸಣ್ಣ ಶಬ್ದ ಕೇಳಿಸಿದರೂ ಒತ್ತಿ. ಕೇಳಿಸಿತೋ ಇಲ್ಲವೋ ಅಂತ ಅನುಮಾನ ಬಂದರೂ ಒತ್ತಿ. ತಪ್ಪಾದರೆ ಯಾರೂ ಬೈಯೋದಿಲ್ಲ."

ಹದಿನೇಳು ವರ್ಷಗಳಿಂದ ದಿನಕ್ಕೆ ಹತ್ತು ಹದಿನೈದು ಸಲ ಹೇಳಿ ಹೇಳಿ ಅವನ ಬಾಯಲ್ಲಿ ಸವೆದುಹೋದ ಮಾತು ಇದು. ನಿದ್ದೆಗಣ್ಣಿನಲ್ಲಿ ಕೇಳಿದರೂ ಒಪ್ಪಿಸಿಬಿಡುತ್ತಿದ್ದ. ಅಂಥದ್ದು ಅವತ್ತು ಬೆಳಿಗ್ಗೆ, ಕಿವಿ ಪರೀಕ್ಷೆಯ ಸಣ್ಣ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರ ಕೈಗೆ ಗುಂಡಿಯಿದ್ದ ವೈರನ್ನು ಕೊಟ್ಟು ಹೇಳತೊಡಗಿದವನು ಎರಡನೆಯ ಮಾತಿನಲ್ಲೇ ಮುಗ್ಗರಿಸಿ ನಿಂತ. ಮೇಷ್ಟ್ರು ಪಾಠ ಮರೆತ ವಿದ್ಯಾರ್ಥಿಯನ್ನು ನೋಡುವ ಹಾಗೆ ಅವನನ್ನೇ ನೋಡುತ್ತಿದ್ದರು. "ಅನುಮಾನ ಬಂದರೂ ಒತ್ತಿ" ಎಂದು ಅವಸರವಾಗಿ ಮುಗಿಸಿ, ಕೆಂಪು ಬಣ್ಣದ್ದು ಬಲಗಿವಿಗೆ, ನೀಲಿಯದು ಎಡಗಿವಿಗೆ ಬರುವಂತೆ ಹೆಡ್‌ಫೋನ್ ಕೂಡಿಸಿ, ದಪ್ಪ ಬಾಗಿಲನ್ನು ತಳ್ಳಿ ಹೊರಗೆ ಬಂದು ಯಂತ್ರದ ಮುಂದೆ ಕೂತ. ಗಾಜಿನ ಸಣ್ಣ ಕಿಟಕಿಯಾಚೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಧ್ಯಾನಕ್ಕೆ ಕೂತವರಂತೆ ಕೂತಿದ್ದರು. ಅವನು ಇನ್ನೂ ಶಬ್ದ ಕಳಿಸಿಯೇ ಇರಲಿಲ್ಲ, ಒಳಗೆ ಗುಂಡಿ ಒತ್ತಿದರೆ ಹೊತ್ತುವ, ಯಂತ್ರದ ಮೇಲಿನ ಪುಟ್ಟ ದೀಪ ಹೊತ್ತಿಕೊಂಡಿತು. ಎಲ್ಲರೂ ಹೀಗೇ. ಆ ಕೋಣೆಯ ಗೋಡೆಗೆಲ್ಲ ರತ್ನಗಂಬಳಿಯಂಥ ದಪ್ಪ ಬಟ್ಟೆ ಹೊಡೆದಿದೆ, ಹೊರಗಿನದು ಏನೂ ಒಳಗೆ ಹೋಗುವುದಿಲ್ಲ, ಅಷ್ಟು ನಿಶ್ಶಬ್ದದಲ್ಲಿ ಕೂತರೆ ಮನುಷ್ಯನಿಗೆ ಏನಾದರೊಂದು ಕೇಳಿಸಲೇಬೇಕು, ಕೇಳಿಸದೇ ಇದ್ದರೆ ಅವನೇ ಕೇಳಿಸಿಕೊಳ್ಳುತ್ತಾನೆ. ಇದನ್ನು ಅವನು ಒಂದು ಕಾಲದಲ್ಲಿ ಹೆಂಡತಿಗೆ ತಮಾಷೆಯಾಗಿ ಹೇಳಿದ್ದ. ಇವತ್ತು ತಮಾಷೆ ಅನಿಸಲಿಲ್ಲ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ ಪ್ರತಿ ಉಸಿರಿಗೂ ಚರ್ ಎನ್ನುತ್ತಿತ್ತು, ಅದು ಮಾತ್ರ ಖಾತ್ರಿಯಾಗಿ ಕೇಳಿಸುತ್ತಿತ್ತು.

ಕಾಗದದಲ್ಲಿ ಅಕ್ಕನ ಎರಡು ಕಿವಿ ಪರೀಕ್ಷೆಗಳ ತಾರೀಕು, ಅದರ ಕೆಳಗೆ ಒಂದೇ ವಾಕ್ಯ. 'ಮೇಲ್ಕಂಡ ಎರಡೂ ಪರೀಕ್ಷೆಗಳು ಸರಿಯಾದ ಕ್ರಮದಲ್ಲಿ ನಡೆದಿವೆ ಎಂದು ದೃಢೀಕರಿಸುತ್ತೇನೆ.' ಕೆಳಗೆ ಗೆರೆ, ಗೆರೆಯ ಕೆಳಗೆ ಪರೀಕ್ಷಕರ ಸಹಿ. ಸಂಜೆ ನಾಲ್ಕಕ್ಕೆ ಪ್ರಾರ್ಥನಾ ಮಂದಿರದ ಕಾರ್ಯದರ್ಶಿ ಬರುತ್ತಾರೆ, ಅಕ್ಕ ಬರುತ್ತಾಳೆ, ಅವನು ಆ ಗೆರೆಯ ಮೇಲೆ ಸಹಿ ಹಾಕಬೇಕು. ಹಾಕಿದರೆ ಅಕ್ಕನ ಹನ್ನೊಂದು ವರ್ಷದ ಉಳಿತಾಯ ಹರಕೆಯಾಗಿ ಮಂದಿರಕ್ಕೆ ಹೋಗುತ್ತದೆ. ಅದು ಅವಳು ಸ್ವಂತ ಅಂಗಡಿಗೆಂದು ಕೂಡಿಟ್ಟ ಹಣ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಹಗಲಲ್ಲೂ ದೀಪ ಹಾಕಿಕೊಂಡು, ಹಳೆ ಪ್ಯಾಂಟುಗಳ ಸೊಂಟ ಬಿಗಿ ಮಾಡುತ್ತ, ಕಳಚಿದ ಜಿಪ್ಪು ಬದಲಾಯಿಸುತ್ತ ಕೂಡುವ ಅಕ್ಕನಿಗೆ ಪಕ್ಕದ ಕೋಣೆಯ ಮೇಲೆ ಮೊದಲಿನಿಂದ ಕಣ್ಣು. ಬೀದಿಗೆ ತೆರೆದುಕೊಂಡ ದೊಡ್ಡ ಕಿಟಕಿ ಇರುವ ಕೋಣೆ ಅದು. ಅದರ ಮಾಲೀಕ ಈಗ ಮಾರುತ್ತೇನೆ ಅಂದಿದ್ದಾನೆ, ನಾಳೆ ಬೆಳಿಗ್ಗೆಯೊಳಗೆ ಹೇಳದಿದ್ದರೆ ಬೇರೆಯವರಿಗೆ. ಅಕ್ಕ ಅದನ್ನು ಹೇಳಿದ್ದೂ ಹೇಗೆ? ಊಟದಲ್ಲಿ ಉಪ್ಪು ಸ್ವಲ್ಪ ಕಡಿಮೆಯಾಯ್ತು ಅನ್ನುವಷ್ಟು ಸಲೀಸಾಗಿ. "ಕಿಟಕಿ ಇಲ್ಲದಿದ್ರೆ ಏನಂತೆ ಮರಿ, ಕಿವಿ ಬಂತಲ್ಲ." ನಲವತ್ತೆರಡು ವರ್ಷದ, ಕೂದಲು ಉದುರಿದ, ಹೊಟ್ಟೆ ಬಂದ ಗಂಡಸನ್ನು ಮರಿ ಎಂದು ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ.

ಕಿವಿ ಬಂತು ಎನ್ನಬೇಕಾದರೆ ಮೊದಲು ಹೋಗಿರಬೇಕಲ್ಲ. ಹೋಗಿತ್ತೇ? ಹಾಳೆಯಲ್ಲಿ ಮೇಷ್ಟ್ರ ಬಲಗಿವಿಯ ಲೆಕ್ಕಕ್ಕೆ ಕೆಂಪು ಸೊನ್ನೆಗಳನ್ನು ಹಾಕುತ್ತ ಹಾಕುತ್ತ ಅವನ ಕೈ ನಾಲ್ಕು ತಿಂಗಳ ಹಿಂದಕ್ಕೆ ಹೋಯಿತು. ಅವತ್ತೂ ಹೀಗೇ ಬಲಗಿವಿ ಮೊದಲು. ನೆಗಡಿಯಾಗಿ ಎಡಗಿವಿ ಕಟ್ಟಿದ ಹಾಗಿದೆ, ಹೊಲಿಗೆಯಂತ್ರದ ಸದ್ದು ಒಂದೇ ಕಡೆಯಿಂದ ಬರ್ತಿದೆ ಎಂದು ಅಕ್ಕ ಬಂದಿದ್ದಳು. ಹೊರಗೆ ಬೆಂಚು ತುಂಬ ಜನ, ಅದರಲ್ಲಿ ಅವನು ಯಾವಾಗಲೂ ಯಾರ ಮುಂದೆ ಒಳ್ಳೆಯ ಹೆಸರು ಸಂಪಾದಿಸಬೇಕೆಂದುಕೊಂಡಿದ್ದನೋ ಆ ಬ್ಯಾಂಕಿನ ಮ್ಯಾನೇಜರನ ಹೆಂಡತಿ ಬೇರೆ. ಅಕ್ಕ ಸ್ಟೂಲಿನ ಮೇಲೆ ಕೂತವಳೇ ಮಗುವಿನ ಕೈಗೆ ಗಿಲಕಿ ಸಿಕ್ಕ ಹಾಗೆ ಟಕ್ ಟಕ್ ಎಂದು ಒತ್ತತೊಡಗಿದಳು. ಅವನು ಶಬ್ದ ಕಳಿಸಿದಾಗಲೂ ದೀಪ, ಕಳಿಸದಿದ್ದಾಗಲೂ ದೀಪ. ತಮ್ಮನಿಗೆ ಬೇಸರವಾಗದಿರಲಿ ಅಂತ ಒತ್ತುತ್ತಿದ್ದಾಳೆ ಅನಿಸಿ ಅವನಿಗೆ ಮೈಯೆಲ್ಲ ಉರಿದುಹೋಯಿತು. ಬಲಗಿವಿ ಹೇಗೋ ಮುಗಿಸಿದ. ಎಡಗಿವಿ ಶುರುವಾದ ಮೇಲೂ ಅದೇ ಆಟ. ಎದ್ದು ಹೋಗಿ ಬಾಗಿಲು ತೆಗೆದು, ಅವಳ ಕಿವಿಯಿಂದ ಹೆಡ್‌ಫೋನ್ ಎತ್ತಿ, ಬೆಂಚಿನವರಿಗೆಲ್ಲ ಕೇಳುವ ಹಾಗೆ ಹೇಳಿದ, "ಸುಮ್‌ಸುಮ್ನೆ ಒತ್ತಬೇಡ. ಖಾತ್ರಿ ಇದ್ರೆ ಮಾತ್ರ ಒತ್ತು. ಇಷ್ಟೂ ಗೊತ್ತಾಗಲ್ವಾ?" ಅಕ್ಕ ನಕ್ಕಳು. ಬ್ಯಾಂಕಿನವನ ಹೆಂಡತಿಯ ಕಡೆ ನೋಡಿ, ತಪ್ಪು ತನ್ನದೇ ಎಂಬಂತೆ ನಕ್ಕಳು. ಆಮೇಲೆ ದೀಪ ಹೊತ್ತಿದ್ದು ಅಪರೂಪ. ಎಡಗಿವಿಯ ನೀಲಿ ಇಂಟು ಗುರುತುಗಳು ಹಾಳೆಯಲ್ಲಿ ಕೆಳಕ್ಕೆ ಇಳಿಯುತ್ತ ಹೋದವು, ಕೆಳಗಿಳಿದಷ್ಟೂ ಕಿವಿ ಮಂದ ಎಂದು ಅರ್ಥ. ಅನುಮಾನ ಬಂದರೆ ಸ್ವಲ್ಪ ಬಿಟ್ಟು ಎರಡನೇ ಸಲ ನೋಡಬೇಕೆನ್ನುವುದು ನಿಯಮ, ಯಾರ ವಿಷಯದಲ್ಲೂ ಅವನು ಅದನ್ನು ತಪ್ಪಿಸಿದವನಲ್ಲ. ಅವಳ ವಿಷಯದಲ್ಲಿ ತಪ್ಪಿಸಿದ. ಸ್ವಂತ ಅಕ್ಕನಲ್ಲವೇ, ಆಮೇಲೆ ನೋಡಿದರಾಯಿತು. ಡಾಕ್ಟರು ಹಾಳೆ ನೋಡಿದರು, ಹಾಳೆ ನೋಡಿಯೇ ಹೇಳಿದರು, ಎಡಗಡೆ ನರ ದುರ್ಬಲವಾಗಿದೆ, ಅರ್ಧದಷ್ಟು ಹೋಗಿದೆ, ಕಿವಿಗೆ ಮಷೀನು ಹಾಕಿಕೊಳ್ಳುವುದು ಒಳ್ಳೆಯದು.

ಇಷ್ಟನ್ನೂ ಅವನು ನೆನಪಿಸಿಕೊಂಡದ್ದು ಮೊನ್ನೆ ಮೊನ್ನೆ, ಕಾಗದ ಜೇಬಿಗೆ ಬಂದ ಮೇಲೆ. ಅಲ್ಲಿಯವರೆಗೆ ಎಲ್ಲಿತ್ತು ಈ ನೆನಪು? ಅದು ಮೊದಲಿನಿಂದಲೂ ಇತ್ತೋ, ಅಥವಾ ಪವಾಡಗಿವಾಡ ಎಂಬ ಮಾತು ಕಿವಿಗೆ ಬಿದ್ದಮೇಲೆ, ಅಂಥದ್ದೆಲ್ಲ ಆಗುವುದು ಸಾಧ್ಯವಿಲ್ಲ, ಏನೋ ಒಂದು ತಪ್ಪು ಇರಲೇಬೇಕು ಎಂದು ಹುಡುಕಿ ಹುಡುಕಿ ತಾನೇ ಹೊಲಿದುಕೊಂಡದ್ದೋ? ಇದೇ ಅವನ ತಲೆ ಕೆಡಿಸಿದ್ದು. 'ಖಾತ್ರಿ ಇದ್ರೆ ಮಾತ್ರ' ಎಂದದ್ದು ಅವನ ದನಿಯಲ್ಲೇ ಕೇಳಿಸುತ್ತದೆ. ಆದರೆ ನಾಲ್ಕನೇ ದಿನ ಮೆಲುಕು ಹಾಕಿದಾಗ ದನಿ ಸ್ವಲ್ಪ ಹೆಚ್ಚು ಗಟ್ಟಿಯಾಗಿತ್ತು, ಬಾಗಿಲು ಸ್ವಲ್ಪ ಹೆಚ್ಚು ತೆರೆದಿತ್ತು. ಮತ್ತೆ ಇನ್ನೊಂದು: ಪರೀಕ್ಷೆಯಾದ ವಾರ ಅವನು ಅಕ್ಕನ ಅಂಗಡಿಗೆ ಹೋಗಿ ಎಡಗಡೆಯಿಂದ ಎರಡು ಸಲ ಕರೆದಾಗ ಅವಳು ತಿರುಗಿರಲಿಲ್ಲ. ಅದೂ ಅಷ್ಟೇ ನಿಜ. ನಿಜಕ್ಕೂ ಕೇಳಿಸಿರಲಿಲ್ಲವೋ, ಕೇಳಿಸುವುದಿಲ್ಲ ಎಂದು ಹಾಳೆಯಲ್ಲಿ ಬರೆದಿದೆ ಅಂತ ಕೇಳಿಸಿಕೊಳ್ಳಲಿಲ್ಲವೋ, ಕೇಳಿದವರಾರು? ಆ ಮೂರು ತಿಂಗಳು ಅವಳು ಹೊಲಿಗೆಯಂತ್ರವನ್ನು ಅಡ್ಡ ತಿರುಗಿಸಿಕೊಂಡಳು, ಗಿರಾಕಿಗಳು ಬಲಗಡೆ ನಿಲ್ಲಲಿ ಎಂದು. ಅದರಿಂದ ಇದ್ದ ಒಂದು ದೀಪದ ಬೆಳಕಿಗೆ ಅವಳದೇ ನೆರಳು ಅಡ್ಡ ಬಂದು ಸೂಜಿ ಬೆರಳಿಗೆ ಚುಚ್ಚತೊಡಗಿತು. ಜನ ಅವಳೊಂದಿಗೆ ಕೂಗಿ ಮಾತಾಡಲು ಕಲಿತರು. ಅವನೂ ಕಲಿತ. ಕೂಗಿ ಮಾತಾಡುವಾಗ ತನ್ನ ದನಿಯಲ್ಲಿ ಒಂದು ಬಗೆಯ ಕರುಣೆ ಸೇರಿಕೊಂಡದ್ದನ್ನು ಕಂಡು ತಾನು ಒಳ್ಳೆಯ ತಮ್ಮ ಎಂದು ಒಳಗೊಳಗೇ ಹಿಗ್ಗಿದ್ದ.

ಮಷೀನಿಗೆ ದುಡ್ಡು ಹಾಕುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಪ್ರತಿ ವಾರ ತಪ್ಪದೆ ಹೋಗುವ ಮಂದಿರದಲ್ಲಿ ಕೂತು ಹರಕೆ ಹೊತ್ತಳು: ಎಡಗಿವಿ ಬಂದರೆ ಇಡೀ ಗಂಟು ನಿನಗೆ. ಒಂದು ದಿನ, ಪ್ರಾರ್ಥನೆ ಮುಗಿದು ಎಲ್ಲರೂ ಏಳುವ ಹೊತ್ತಿಗೆ, ಎಡಗಡೆ ಕುರ್ಚಿ ಎಳೆದ ಸದ್ದು ಕೇಳಿಸಿತಂತೆ. ಅಷ್ಟೇ. ಆಕಾಶವಾಣಿಯಿಲ್ಲ, ಬೆಳಕಿಲ್ಲ, ಕುರ್ಚಿ. ಮಾರನೇ ದಿನವೇ ಆಸ್ಪತ್ರೆಗೆ ಬಂದಳು. ಅವನು ಜ್ವರ ಬಂದು ರಜೆ ಹಾಕಿದ್ದ, ಬದಲಿಗೆ ಬಂದಿದ್ದ ಟೆಕ್ನಿಷಿಯನ್ ಹೆಂಗಸು ಪರೀಕ್ಷೆ ಮಾಡಿದಳು. ಸಣ್ಣ ಶಬ್ದ ಕೇಳಿಸಿದರೂ ಒತ್ತಿ, ಅನುಮಾನ ಬಂದರೂ ಒತ್ತಿ, ಎಂದು ಎರಡೆರಡು ಸಲ ಹೇಳಿಯೇ ಮಾಡಿರುತ್ತಾಳೆ, ಅವಳು ಆ ಥರದವಳು. ನೀಲಿ ಇಂಟುಗಳು ಕೆಂಪು ಸೊನ್ನೆಗಳ ಪಕ್ಕಕ್ಕೆ ಬಂದು ಕೂತವು. ಡಾಕ್ಟರು ಎರಡೂ ಹಾಳೆಗಳನ್ನು ಹಿಡಿದು ನೋಡಿ, "ಕೆಲವು ಸಲ ಹೀಗಾಗುತ್ತೆ" ಎಂದು ಹೇಳಿ ಕೈ ತೊಳೆದುಕೊಂಡರು. ಆ ಕೆಲವು ಸಲದೊಳಗೆ ಎಷ್ಟು ಜಾಗವಿದೆ ಎಂದು ಅವನಿಗೆ ಈಗ ಅರ್ಥವಾಗಿದೆ. ಅದರಲ್ಲಿ ದೇವರೂ ಹಿಡಿಸುತ್ತಾನೆ, ನೆಗಡಿಯೂ ಹಿಡಿಸುತ್ತದೆ, ತಮ್ಮನ ಮುಂಗೋಪವೂ ಹಿಡಿಸುತ್ತದೆ.

ಮೇಷ್ಟ್ರು ಹೊರಗೆ ಬಂದು, "ಎಷ್ಟು ಮಾರ್ಕು?" ಎಂದು ಕೇಳಿದರು. ಅವನು ನಗಬೇಕಾಗಿತ್ತು, ನಕ್ಕ. ಅವರು ಹೋದ ಮೇಲೆ ಕೌಂಟರಿನಲ್ಲಿ ಚೀಟಿ ಬರೆಯುವ ಹೆಂಗಸಿನ ಹತ್ತಿರ ಹೋಗಿ ನಿಂತ. ಅವಳ ಮೇಜಿನಿಂದ ಪರೀಕ್ಷೆಯ ಕೋಣೆಯ ಬಾಗಿಲಿಗೆ ನಾಲ್ಕು ಹೆಜ್ಜೆ. ಆಸ್ಪತ್ರೆಯಲ್ಲಿ ನಡೆದದ್ದು, ನಡೆಯದ್ದು ಎರಡೂ ಅವಳಿಗೆ ಗೊತ್ತಿರುತ್ತದೆ.

"ನಮ್ಮಕ್ಕ ಮೊದಲನೇ ಸಲ ಬಂದಿದ್ದು ನೆನಪಿದೆಯಾ?"

"ಇಲ್ಲದೆ ಏನು? ನನ್ನ ಲಂಗದ ಹುಕ್ಕು ಇಲ್ಲೇ ಕೂತು ಹಾಕಿಕೊಟ್ಟಿದ್ರು."

"ಅವತ್ತು ನಾನು ಬಾಗಿಲು ತೆಗೆದು ಅವಳಿಗೆ ಏನೋ ಅಂದೆ. ಜೋರಾಗಿ. ಏನಂದೆ ಅಂತ ನೆನಪಿದೆಯಾ?"

ಅವಳು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ಏನು ಅಂತೀರಿ? ದಿನಾ ಹೇಳೋದೇ. ಅನುಮಾನ ಬಂದ್ರೂ ಒತ್ತಿ, ತಪ್ಪಾದ್ರೆ ಬೈಯಲ್ಲ. ನನಗೇ ಬಾಯಿಪಾಠ ಆಗಿದೆ. ನಮ್ಮನೇಲಿ ಕರೆಗಂಟೆ ಒತ್ತೋರಿಗೂ ಅದನ್ನೇ ಹೇಳ್ತೀನಿ."

"ಅದಲ್ಲ. ಅವತ್ತು ಬೈದೆ. ಖಾತ್ರಿ ಇದ್ರೆ ಮಾತ್ರ ಒತ್ತು ಅಂದೆ."

"ನೀವಾ?" ಅವಳು ನಕ್ಕುಬಿಟ್ಟಳು. "ನೀವು ಬೈಯೋದನ್ನ ನಾನು ನೋಡಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೀನಿ. ಇಲ್ಲ ಸರ್. ಹಾಗೇನಾದ್ರೂ ಅಂದಿದ್ರೆ ಬ್ಯಾಂಕಿನಮ್ಮ ಊರೆಲ್ಲ ಡಂಗುರ ಸಾರಿರೋರು."

ಅವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ, ಬದಲಿಗೆ ಸಿಟ್ಟು ಬಂತು. ತಪ್ಪು ಮಾಡಿದ್ದೇನೆ ಎಂದು ತಾನಾಗಿ ಬಂದು ಹೇಳಿದರೂ ನಂಬದ ಜನ! ಅಕ್ಕನಾದರೋ ಒಂದು ಕುರ್ಚಿಯ ಸದ್ದಿಗೆ ಹನ್ನೊಂದು ವರ್ಷದ ಗಂಟನ್ನು ಬಿಚ್ಚಲು ತಯಾರು, ತನಗೆ ತನ್ನ ಪಾಪಕ್ಕೊಂದು ಸಾಕ್ಷಿ ಬೇಕೆಂದರೆ ಸಿಗುತ್ತಿಲ್ಲ. ಯಾರನ್ನೂ ಕರೆಯದೆ ಪರೀಕ್ಷೆಯ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಅಕ್ಕ ಕೂತಿದ್ದ ಸ್ಟೂಲಿನ ಮೇಲೆ ತಾನೇ ಕೂತ. ಮೊದಲು ಏನೂ ಇಲ್ಲ. ಆಮೇಲೆ ರಕ್ತದ ಸದ್ದು. ಆಮೇಲೆ ತೀರ ದೂರದಲ್ಲಿ ಯಾರೋ ಗುಂಡಿಗಳಿಗೆ ತೂತು ಹೊಲಿಯುತ್ತಿರುವ ಸದ್ದು. ಅವನು ಓದುತ್ತಿದ್ದಾಗ ಅವನ ಪರೀಕ್ಷೆಯ ಫೀಸು ಕಟ್ಟಲು ಅಕ್ಕ ಒಂದೊಂದು ತೂತಿಗೆ ಇಷ್ಟು ಎಂದು ಲೆಕ್ಕ ಹಿಡಿದು ಹೊಲಿದದ್ದು, ರಾಶಿ ಬಿದ್ದ ಬಿಳಿ ಅಂಗಿಗಳು, ಅವುಗಳ ನಡುವೆ ಅವನು ಪುಸ್ತಕ ಹಿಡಿದು ಕೂತದ್ದು. ಫಲಿತಾಂಶ ಬಂದ ದಿನ ಅವಳು ಕಣ್ಣು ಮುಚ್ಚಿ, "ಪಾಸ್ ಮಾಡಿಸಿದೆಯಪ್ಪ" ಎಂದು ಮೇಲಕ್ಕೆ ಕೈಮುಗಿದಿದ್ದಳು. ಓದಿದವನು ನಾನು ಎಂದು ಅವನು ರೇಗಿದ್ದ. ಹೊಲಿದವಳು ನೀನು ಎಂದು ಯಾಕೆ ಹೇಳಲಿಲ್ಲ? ಅವಳಿಗೆ ಎಲ್ಲವನ್ನೂ ಬೇರೆಯವರ ಲೆಕ್ಕಕ್ಕೆ ಹಾಕಿ ತಾನು ಖಾಲಿ ಕೈಯಲ್ಲಿ ಕೂಡುವುದೇ ಸುಖ. ಆ ಸುಖವನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ದೇವರಿಲ್ಲ ಎಂದು ಅವನು ಎಂದೂ ಗಟ್ಟಿಯಾಗಿ ಹೇಳಿದವನಲ್ಲ, ಇದ್ದಾನೆ ಎಂದೂ ಹೇಳಿದವನಲ್ಲ. ಈಗ ಒಂದು ವೇಳೆ ಕುರ್ಚಿಯ ಸದ್ದು ದೇವರೇ ಕೇಳಿಸಿದ್ದಾದರೆ, ನಾನು ಹೋಗಿ ನನ್ನ ಬೈಗುಳವೇ ಪವಾಡ ಎಂದು ಸಾರಿದರೆ, ಅದೂ ಒಂದು ಅಹಂಕಾರವಲ್ಲವೇ? ಇಂಥ ಉಪಾಯದ ಯೋಚನೆಗಳು ತನಗೆ ಎಷ್ಟು ಬೇಗ ಹೊಳೆಯುತ್ತವೆ ಎಂದು ಅವನಿಗೇ ನಾಚಿಕೆಯಾಯಿತು. ಯಾವುದೋ ಹೊತ್ತಿನಲ್ಲಿ ಕೈಯಲ್ಲಿದ್ದ ಗುಂಡಿಯನ್ನು ಒತ್ತಿದ್ದ. ಹೊರಗೆ ಯಂತ್ರದ ಮುಂದೆ ಯಾರೂ ಇರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕನ ಅಂಗಡಿಗೆ ಹೊರಟ. ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ ಹೇಳಿದ್ದಳು, "ಸಹಿ ಹಾಕೋದಾದ್ರೆ ಹಾಕಿ, ಇಲ್ಲದಿದ್ರೆ ಹೇಳಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮುಖ ಮಾಡ್ಕೊಂಡು ತಿರುಗಬೇಡಿ." ಅವಳಿಗೆ ಎಲ್ಲ ಸಲೀಸು. ಹೇಳುವುದೆಂದರೆ ಏನನ್ನು ಹೇಳುವುದು? ಅಕ್ಕ, ನಿನ್ನ ಕಿವಿ ಹೋಗಿರಲೇ ಇಲ್ಲ, ನಾನು ಬೈದದ್ದಕ್ಕೆ ನೀನು ಒತ್ತಲಿಲ್ಲ, ಅಷ್ಟೇ. ಮೂರು ತಿಂಗಳು ನೀನು ಸುಮ್ಮನೆ ಕಿವುಡಿಯಾಗಿದ್ದೆ. ನಿನ್ನ ದೇವರು ಏನೂ ಮಾಡಿಲ್ಲ. ದುಡ್ಡು ಕೊಡಬೇಡ, ಹೋಗಿ ಕಿಟಕಿ ತೆಗೆದುಕೋ. ದಾರಿಯಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿಕೊಂಡ. ಮಾತು ಸರಿಯಾಗಿತ್ತು, ಕೊನೆಗೆ ಕಿಟಕಿ ಇದ್ದದ್ದರಿಂದ ಒಳ್ಳೆಯದೂ ಅನಿಸಿತು. ಪಕ್ಕದ ಕೋಣೆಯ ಮುಂದೆ ಒಂದು ಗಳಿಗೆ ನಿಂತ. ಗಾಜಿಗೆ ಹಳೆಯ ಪೇಪರು ಅಂಟಿಸಿತ್ತು, ಒಂದು ಕಡೆ ಹರಿದಲ್ಲಿ ಬಿಸಿಲು ಒಳಗೆ ಹೋಗಿ ಖಾಲಿ ನೆಲದ ಮೇಲೆ ಒಂದು ಟವೆಲ್ಲಿನಷ್ಟು ಬಿದ್ದಿತ್ತು.

ಅಕ್ಕ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಯಾರದೋ ಕೋಟಿನ ಅಂಚು ಹೊಲಿಯುತ್ತಿದ್ದಳು. ಹೊಲಿಗೆಯಂತ್ರ ಮತ್ತೆ ಹಳೆಯ ದಿಕ್ಕಿಗೆ ತಿರುಗಿತ್ತು. ಅವನನ್ನು ಕಂಡು ಹುಬ್ಬಿನಿಂದಲೇ ಕೂತುಕೋ ಎಂದಳು. ಅವನು ಕೂಡಲಿಲ್ಲ. ಇದ್ದ ಜಾಗ ಅವಳ ಎಡಕ್ಕೆ, ಬಟ್ಟೆಯ ಗಂಟುಗಳ ನಡುವೆ. ಅಲ್ಲಿ ನಿಂತ. ಯಂತ್ರ ಕಟಕಟ ಓಡುತ್ತಿತ್ತು. ಮುಖ ಕಾಣದಿದ್ದರೆ ಹೇಳುವುದು ಸುಲಭ ಅನಿಸಿ, ಅವಳ ಎಡಗಿವಿಯ ಹಿಂದೆ ನರೆತ ಕೂದಲು ಸುತ್ತಿಕೊಂಡಿದ್ದನ್ನೇ ನೋಡುತ್ತ ಹೇಳಿದ. ಪೂರ್ತಿ ಹೇಳಿದ. ದನಿ ಅವನು ಅಂದುಕೊಂಡದ್ದಕ್ಕಿಂತ ಕೆಳಗೆ ಬಂತು, ಮಾತು ಅಭ್ಯಾಸ ಮಾಡಿದ ಹಾಗೆಯೂ ಬರಲಿಲ್ಲ. ಬೈದದ್ದನ್ನು ಹೇಳಿದ, ಎರಡನೇ ಸಲ ನೋಡದೆ ಬಿಟ್ಟದ್ದನ್ನು ಹೇಳಿದ, ಕಡೆಗೆ ಕಿಟಕಿಯ ಮಾತನ್ನೂ ಹೇಳಿದ. ಯಂತ್ರ ನಿಲ್ಲಲಿಲ್ಲ. ಕೋಟಿನ ಅಂಚು ಒಂದೇ ವೇಗದಲ್ಲಿ ಸೂಜಿಯ ಕೆಳಗೆ ಹೋಗುತ್ತಿತ್ತು. ಅಂಚು ಮುಗಿದ ಮೇಲೆ ಅವಳು ದಾರ ಕತ್ತರಿಸಿ, ಬಾಯಿಂದ ಗುಂಡುಸೂಜಿಗಳನ್ನು ಒಂದೊಂದೇ ತೆಗೆದು ಡಬ್ಬಿಗೆ ಹಾಕಿ, ಕಡೆಯದನ್ನು ಹಾಕಿದ ಮೇಲೆ ತಿರುಗಿದಳು.

"ಏನೋ ಅಂದ ಹಾಗಾಯ್ತು?"

ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಥವಾ ಇದ್ದದ್ದು ಅವನಿಗೆ ಓದಲು ಬರಲಿಲ್ಲ. ಸಾವಿರಾರು ಜನರ ಮುಖವನ್ನು ಗಾಜಿನ ಕಿಟಕಿಯಿಂದ ನೋಡಿದವನು ಅವನು, ಕೇಳಿಸಿಯೂ ಕೇಳಿಸದವರಂತೆ ಕೂತವರನ್ನು ಸುಲಭವಾಗಿ ಹಿಡಿಯುತ್ತಿದ್ದ, ಪರಿಹಾರದ ಹಣಕ್ಕಾಗಿ ಕಿವುಡರಾದವರನ್ನೂ ಹಿಡಿದಿದ್ದ. ಈ ಒಂದು ಮುಖದ ಮುಂದೆ ಹದಿನೇಳು ವರ್ಷದ ಅನುಭವ ಬರಿಗೈಯಾಗಿ ನಿಂತಿತು. ಮತ್ತೊಂದು ಸಲ ಹೇಳಬೇಕಿತ್ತು, ಸ್ವಲ್ಪ ಗಟ್ಟಿಯಾಗಿ.

"ಏನಿಲ್ಲ" ಅಂದ. "ಊಟ ಆಯ್ತಾ ಅಂತ ಕೇಳ್ದೆ."

"ಆಯ್ತು" ಎಂದಳು ಅಕ್ಕ. "ನಿಂದು?"

ನಾಲ್ಕಕ್ಕೆ ಸರಿಯಾಗಿ ಕಾರ್ಯದರ್ಶಿಗಳು ಬಂದರು. ತೆಳ್ಳಗೆ, ಶುಭ್ರವಾಗಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ ಅವರನ್ನು ನೋಡಿ ಅವನಿಗೆ ನಿರಾಸೆಯೇ ಆಯಿತು. ದುರಾಸೆಯ ಮನುಷ್ಯ ಬಂದಿದ್ದರೆ ಅನುಕೂಲವಾಗುತ್ತಿತ್ತು. ಇವರು ನೀರನ್ನೂ ಬೇಡ ಅಂದರು. "ನಾವು ಯಾರೋ ಬಂದು ಕೈಕಾಲು ಬಂತು ಅಂದ ತಕ್ಷಣ ನಂಬೋದಿಲ್ಲ" ಎಂದರು ಕುರ್ಚಿಯ ತುದಿಯಲ್ಲಿ ಕೂತು. "ಹೋದ ವರ್ಷ ಇಪ್ಪತ್ತಾರು ಜನ ಬಂದರು. ಕಾಗದ ಸರಿ ಇದ್ದದ್ದು ನಾಲ್ಕು. ಉಳಿದವರ ಹಣ ಮುಟ್ಟಲಿಲ್ಲ. ಪರೀಕ್ಷೆಯ ಹೊಣೆ ಹೊತ್ತವರೇ ಸಹಿ ಹಾಕಬೇಕು, ಆಮೇಲೇ ಹರಕೆಯ ಹಣ. ಅದು ನಮ್ಮ ನಿಯಮ. ದೇವರ ಹೆಸರಲ್ಲಿ ಸುಳ್ಳು ಆಗಬಾರದಲ್ಲ?" ಎರಡು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ನೀಲಿ ಗುರುತುಗಳ ಮೇಲೆ ಬೆರಳು ಓಡಿಸಿದರು. ಇವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಂದಿರದ ಗೋಡೆಗೆ ಹಾಕುತ್ತಾರಂತೆ. ನೋಡಿದವರ ನಂಬಿಕೆ ಗಟ್ಟಿಯಾಗುತ್ತದಂತೆ. ಮೊದಲ ಹಾಳೆಯಲ್ಲಿ ಅವನ ಕೈಬರಹದ ಇಂಟುಗಳು, ಅವಸರದಲ್ಲಿ ಹಾಕಿದವು, ಒಂದೆರಡು ಸೊಟ್ಟಗಿದ್ದವು. "ಒಂದೇ ಯಂತ್ರ ಅಲ್ಲವೇ ಎರಡು ಸಲವೂ?" "ಹೌದು." "ಎರಡು ಸಲವೂ ಕ್ರಮ ಒಂದೇ?"

ಅಕ್ಕ ಅವನ ಎಡಕ್ಕೆ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದ ಮೇಲೆ ಎರಡೂ ಕೈ. ಉತ್ತರ ಕೊಡುವ ಮೊದಲು ಅವನು ಅವಳ ಕಡೆ ತಿರುಗಿದ. ಅವಳು ಅವನನ್ನೇ ನೋಡುತ್ತಿದ್ದಳು, ಪರೀಕ್ಷೆಯ ಕೋಣೆಯಲ್ಲಿ ಕೂತವರು ಮುಂದಿನ ಶಬ್ದಕ್ಕೆ ಕಾಯುವ ಹಾಗೆ, ತಲೆ ಒಂದಿಷ್ಟು ಓರೆ ಮಾಡಿ. ಅವನಿಗೆ ಅದು ಆಮೇಲೆ ಅನಿಸಿದ್ದು. ಆ ಹೊತ್ತಿಗೆ ಅನಿಸಿದ್ದು ಇಷ್ಟೇ: ಅಲ್ಲ ಅಂದರೆ ಇವಳು ಈ ಶುಭ್ರ ಮನುಷ್ಯನ ಮುಂದೆ ಸುಳ್ಳುಗಾರ್ತಿಯಾಗುತ್ತಾಳೆ, ಬೆಂಚಿನ ಮುಂದೆ ನಕ್ಕ ಹಾಗೆ ಮತ್ತೊಮ್ಮೆ ನಗುತ್ತಾಳೆ. ಅದನ್ನು ನೋಡಲಾರೆ. ಇದು ಅವಳ ಮೇಲಿನ ಪ್ರೀತಿಯೇ ಎಂದು ತನಗೆ ತಾನೇ ಹೇಳಿಕೊಂಡ. ಪ್ರೀತಿಯೂ ಇತ್ತು, ಹೆದರಿಕೆಯೂ ಇತ್ತು, ಹದಿನೇಳು ವರ್ಷದ ನೌಕರಿಯೂ ಇತ್ತು. ಯಾವುದು ಎಷ್ಟು ಎಂದು ತೂಗಿ ನೋಡಲು ಸಮಯವಿರಲಿಲ್ಲ.

"ಒಂದೇ" ಎಂದ. ಸಹಿ ಹಾಕಿದ.

ಅಕ್ಕ ಚೀಲ ಬಿಚ್ಚಿದಳು. ಎಣಿಸಿ ತಂದಿದ್ದಳು, ಆದರೂ ಕಾರ್ಯದರ್ಶಿಗಳು ಮತ್ತೆ ಎಣಿಸಿದರು, ಎಣಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದರು, ರಸೀದಿ ಬರೆದು ಎರಡೂ ಕೈಯಿಂದ ಕೊಟ್ಟರು. ಹನ್ನೊಂದು ವರ್ಷ ಹತ್ತು ನಿಮಿಷದಲ್ಲಿ ಫೈಲಿನೊಳಗೆ ಹೋಯಿತು. ಕೌಂಟರಿನ ಹೆಂಗಸು ಅಕ್ಕನ ಕೈ ಹಿಡಿದು, "ನಿಮ್ಮ ನಂಬಿಕೆ ದೊಡ್ಡದಮ್ಮ" ಎಂದಳು. ಅಕ್ಕ ಅವಳ ಲಂಗದ ಹುಕ್ಕು ಹೇಗಿದೆ ಎಂದು ವಿಚಾರಿಸಿದಳು.

ಅವಳನ್ನು ಅಂಗಡಿಯವರೆಗೆ ಬಿಟ್ಟುಬರುತ್ತೇನೆಂದು ಅವನೂ ಹೊರಟ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತರೆ ಎದುರಿಗೇ ಬಸ್ ನಿಲ್ದಾಣ. ಕಾರ್ಯದರ್ಶಿಗಳು ಫೈಲನ್ನು ಎದೆಗೆ ಅವಚಿಕೊಂಡು ಬಸ್ಸಿಗಾಗಿ ಕಾಯುತ್ತಿದ್ದರು. ಇವರನ್ನು ಕಂಡು ತಲೆಬಾಗಿದರು. ಅಕ್ಕನೂ ತಲೆಬಾಗಿ, ಬಾಯಿ ಹೆಚ್ಚು ಆಡಿಸದೆ ಹೇಳಿದಳು:

"ಮಧ್ಯಾಹ್ನ ನೀನು ಹೇಳಿದ್ದು ಕೇಳಿಸ್ತು ಮರಿ."

ಅವನ ಕಾಲು ಅಲ್ಲೇ ನಿಂತಿತು.

"ಪೂರ್ತಿ ಅಲ್ಲ. ಮಷೀನು ಓಡ್ತಿತ್ತಲ್ಲ. ನೀನು ಬೈದದ್ದು, ನಾನು ಒತ್ತದೆ ಬಿಟ್ಟದ್ದು, ಹೀಗೆ ಏನೋ ಕೇಳಿಸಿದ ಹಾಗಾಯ್ತು. ಖಾತ್ರಿ ಆಗ್ಲಿಲ್ಲ. ಅದಕ್ಕೇ ಕೇಳಿದೆ, ನೀನು ಏನಿಲ್ಲ ಅಂದೆ. ಒಳಗೂ ಕಾದೆ, ಇನ್ನೊಂದ್ ಸಲ ಹೇಳ್ತೀಯೇನೋ ಅಂತ. ನೀನು ಸಹಿ ಹಾಕ್ದೆ." ಅವಳು ರಸೀದಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಇಷ್ಟು ಓದಿದೋನು, ಅದೇ ಕೆಲಸದೋನು, ಕಾಗದದ ಮೇಲೆ ಬರೆದುಕೊಟ್ಟ ಮೇಲೆ ನನ್ನ ಕಿವೀದೇ ತಪ್ಪಿರಬೇಕು ಅಂತ ದುಡ್ಡು ಕೊಟ್ಟೆ."

ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ಕಾರ್ಯದರ್ಶಿಗಳು ಫೈಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದರು. ಇಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದರು.

"ನನಗೆ ಕೇಳಿಸಿದ್ದು ಸರಿನಾ?" ಎಂದು ಅಕ್ಕ ಕೇಳಿದಳು. ದನಿಯಲ್ಲಿ ಆಕ್ಷೇಪವಿರಲಿಲ್ಲ. ಅಳತೆ ಸರಿಯಾಗಿದೆಯಾ ಎಂದು ಗಿರಾಕಿಯನ್ನು ಕೇಳುವಾಗ ಇರುವಷ್ಟೇ ಇತ್ತು.

ಬಸ್ಸು ಬಂದು ನಿಂತಿತು. ಅವನು ಬಾಯಿ ತೆರೆದ. ಎದೆಯಲ್ಲಿ ಇದ್ದದ್ದು ಹೌದು ಎಂಬ ಎರಡು ಅಕ್ಷರ. ಹೊರಗೆ ಬಂದದ್ದು, "ಯಾವುದು?"

ಬಸ್ಸು ಹೊರಟಿತು, ನಿಲ್ದಾಣ ಖಾಲಿಯಾಯಿತು.

"ಹಾಗಾದ್ರೆ ಸರಿ" ಎಂದಳು. "ಬಾ, ಕತ್ತಲಾಗೋದ್ರೊಳಗೆ ಆ ಕೋಣೆಯವರಿಗೆ ಬೇಡ ಅಂತ ಹೇಳಿಬಿಡೋಣ. ಪಾಪ, ನಾಳೆವರೆಗೂ ಕಾಯಿಸೋದು ಯಾಕೆ."

ರಸ್ತೆ ದಾಟುವಾಗ ಅವಳು, ಮೂರು ತಿಂಗಳಲ್ಲಿ ಬಂದುಬಿಟ್ಟ ರೂಢಿಯಂತೆ, ಹಿಂದಿನಿಂದ ಸುತ್ತಿ ಅವನ ಎಡಕ್ಕೆ ಬಂದು, ಬಲಗಿವಿಯನ್ನು ಅವನ ಕಡೆಗೆ ಮಾಡಿಕೊಂಡು ನಡೆದಳು. ಅವನು ಏನಾದರೂ ಹೇಳಿದರೆ ಕೇಳಿಸಲಿ ಎಂದು.